ಬಾದಾಮಿಯ ಹಡಪದರೂ ನಮ್ಮ ಪುಸ್ತಕಗಳ ಮುಖಪುಟವೂ

ಇವತ್ತು ಕನ್ನಡ ಪುಸ್ತಕಗಳ ಮುಖಪುಟ ಕಣ್ಣು ಸೆಳೆಯುತ್ತಿದ್ದರೆ ಅದೆಲ್ಲ ಕಂಪ್ಯೂಟರಿನ ದಯೆ ಎನ್ನುವವರು ಬಹಳ. ನನಗೆ ಹಾಗನ್ನಿಸುವುದಿಲ್ಲ. ಯಂತ್ರಕ್ಕಿಂತ ಮೊದಲೇ ಗೆರೆ ಕಲಿಸುವ ಗುರುಗಳು ಬಂದಿದ್ದರು. ಮುಖಪುಟದ ಚರಿತ್ರೆಯನ್ನು ಅಲ್ಲಿಂದ ಹಿಡಿಯಬೇಕು. ಅವರಿಗೂ ಮೊದಲಿನ ಸ್ಥಿತಿ ಬೇರೆಯೇ ಇತ್ತು. ಫ. ಗು. ಹಳಕಟ್ಟಿಯವರು 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದು ವಚನಗಳನ್ನು ಅಚ್ಚಿಗೆ ತಂದರು. ಓಲೆಗರಿಯಲ್ಲಿದ್ದದ್ದನ್ನು ಉಳಿಸಿಕೊಳ್ಳುವುದೇ ಆಗ ಹರಸಾಹಸ. ಮುಖಪುಟದ ಅಲಂಕಾರ ಯಾರಿಗೆ ಬೇಕಿತ್ತು? 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ನಡೆಯಿತು. ಮೊದಲೇ ದುಡ್ಡು ಕೊಟ್ಟ ಓದುಗನನ್ನು ಅಂಗಡಿಯ ಕಪಾಟಿನಿಂದ ಕರೆಯುವ ಕೆಲಸ ಮುಖಪುಟಕ್ಕೆ ಇರಲಿಲ್ಲ. ಮೇಲಾಗಿ ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಚಿತ್ರಕ್ಕೆ ಬ್ಲಾಕು ಬೇಕು, ಒಂದೊಂದು ಬಣ್ಣಕ್ಕೂ ಒಂದೊಂದು ಬ್ಲಾಕು. ಖರ್ಚಿಗೆ ಅಂಜಿ ಒಂದೆರಡು ಬಣ್ಣಕ್ಕೇ ಕೈ ತಡೆಯುತ್ತಿದ್ದರು.

ನಾನು ಹೇಳಿದ ಗುರುಗಳಲ್ಲಿ ಒಬ್ಬರು, 1936ರಲ್ಲಿ ಬಾದಾಮಿಯಲ್ಲಿ ಹುಟ್ಟಿದ ಕಲಾವಿದ ಆರ್. ಎಂ. ಹಡಪದರು, 1960ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿದರು. ಅಲ್ಲಿ ಕಲಿತ ಪುತ್ತೂರಿನ ಚಂದ್ರನಾಥ ಆಚಾರ್ಯರು ಶಾಂತಿನಿಕೇತನದಲ್ಲಿ ಗ್ರಾಫಿಕ್ ಕಲೆ ಅಭ್ಯಾಸ ಮಾಡಿ, ಮುಂದೆ ‘ಪ್ರಜಾವಾಣಿ’, ‘ಸುಧಾ’ ಪುಟಗಳಿಗೆ ಚಿತ್ರ ಬರೆದರು. ಕತೆಯ ಪ್ರಸಂಗವನ್ನು ಇದ್ದಂತೆ ಬಿಡಿಸದೆ ಅದರ ಭಾವಕ್ಕೊಂದು ಗೆರೆ ಹುಡುಕುವ ಇಂಥ ಚಿತ್ರಗಳನ್ನು ವಾರವಾರವೂ ನೋಡುತ್ತ ಕನ್ನಡ ಓದುಗರ ಕಣ್ಣು ಪಳಗಿತು. ಆಫ್‌ಸೆಟ್ ಮುದ್ರಣ ಬಂದಾಗ ಬಣ್ಣ ಅಗ್ಗವಾಯಿತು, ಅಷ್ಟೇ. 2004ರಲ್ಲಿ ಲೇಖಕ ವಸುಧೇಂದ್ರ ಶುರುಮಾಡಿದ ‘ಛಂದ ಪುಸ್ತಕ’ ಪ್ರಕಾಶನಕ್ಕೆ ಕಲಾವಿದ ‘ಅಪಾರ’ ಮಾಡಿಕೊಟ್ಟ ಮುಖಪುಟಗಳನ್ನು ಹತ್ತಿರದಿಂದ ನೋಡಬೇಕು. ಕನ್ನಡದಲ್ಲಿ ಶೀರ್ಷಿಕೆ ಎರಡು ಸಾಲಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇಂಗ್ಲಿಷ್ ಅಕ್ಷರ ಜೋಡಿಸುವವನನ್ನು ಇಷ್ಟಾಗಿ ಕಾಡದ ತೊಡಕು ಇದು. ಸಾಮಾನ್ಯ ವಿನ್ಯಾಸಕಾರ ನಡುವೆ ಜಾಗ ಬಿಟ್ಟು ಪಾರಾಗುತ್ತಾನೆ; ಬಲ್ಲವನು ಆ ಒತ್ತನ್ನೇ ಚಿತ್ರದೊಳಕ್ಕೆ ಎಳೆದುಕೊಳ್ಳುತ್ತಾನೆ.

ಹೂರಣ ಮುಖ್ಯ, ಮುಖಪುಟದ ಶೋಕಿಯಿಂದ ಬೆಲೆ ಏರುತ್ತದೆ ಎಂಬ ಆಕ್ಷೇಪ ಹಳೆಯದು. ಒಳ್ಳೆಯ ವಿನ್ಯಾಸಕ್ಕೂ ಕೆಟ್ಟದ್ದಕ್ಕೂ ಖರ್ಚಾಗುವುದು ಅದೇ ಕಾಗದ, ಅದೇ ಶಾಯಿ. ಮಾರಾಟದ ತಂತ್ರ ಎಂಬ ಇನ್ನೊಂದು ಮಾತಿನಲ್ಲಿ ಸತ್ಯವಿದೆ: ಅಂತರ್ಜಾಲದಿಂದ ಇಳಿಸಿಕೊಂಡ ಯಾವುದೋ ದೇಶದ ಸೂರ್ಯಾಸ್ತ ನಮ್ಮ ಕಾದಂಬರಿಗಳ ಮೇಲೆ ಎಷ್ಟೋ ಸಲ ಕೂತಿದೆ. ಆದರೆ ಅದು ಹಸ್ತಪ್ರತಿ ಓದದೆ ಮಾಡಿದ ಕೆಲಸದ ದೋಷ. ಇಳಕಲ್ಲಿನ ನೇಕಾರರು ಸೀರೆಯ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಮಗ್ಗದಲ್ಲೇ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ; ‘ಟೋಪ ತೆನಿ’ ಎನ್ನುವ ಆ ಕೆಂಪು ಸೆರಗನ್ನು ಆಮೇಲೆ ತಂದು ಹೊಲಿಯುವುದಿಲ್ಲ. ಮುಖಪುಟವೂ ಬರಹದ ಜೊತೆ ಹಾಗೆ ಕೂಡಿ ಬರಬೇಕು.

ಕನ್ನಡ ಪುಸ್ತಕ ಪ್ರಾಧಿಕಾರದ ಪುಸ್ತಕ ಸೊಗಸು ಬಹುಮಾನಗಳಲ್ಲಿ ಮುಖಪುಟ ಚಿತ್ರಕಲೆಗೂ ಒಂದು ಮೀಸಲಿದೆ. ಅದಷ್ಟೇ ಸಾಲದು. ಪ್ರಕಾಶಕರು ಕಲಾವಿದರಿಗೆ ಹಸ್ತಪ್ರತಿಯನ್ನೂ ತಕ್ಕ ಸಂಭಾವನೆಯನ್ನೂ ಕೊಡಲಿ. ಓದುಗರೂ ಹೊಸ ಪುಸ್ತಕ ಕೊಂಡಾಗ ಒಳಪುಟದಲ್ಲಿ ಮುಖಪುಟ ಮಾಡಿದವರ ಹೆಸರು ಹುಡುಕಲಿ. ಕಾಣದಿದ್ದರೆ ಪ್ರಕಾಶಕರಿಗೆ ಪತ್ರ ಬರೆದು ಕೇಳಲಿ.