ಸೌದೆ ಅಗ್ಗ, ಹೊಗೆ ದುಬಾರಿ

ಗುಡ್ಡದಲ್ಲಿ ಸೌದೆ ಬಿದ್ದಿರುವಾಗ ಮನೆ ಬೆಚ್ಚಗಿಡೋಕೆ ಎಣ್ಣೆಗೆ ಯಾಕೆ ದುಡ್ಡು ಸುರಿಯಬೇಕು? ಅಮೆರಿಕದ ಚಳಿನಾಡಿನಲ್ಲಿ ಈ ಪ್ರಶ್ನೆ ಜೋರಾಗಿ ಎದ್ದದ್ದು 1973ರಲ್ಲಿ. ಅರಬ್ ದೇಶಗಳು ತೈಲ ನಿಲ್ಲಿಸಿದವು. ಪೀಪಾಯಿಗೆ 3 ಡಾಲರಿನ ಆಸುಪಾಸಿದ್ದ ಕಚ್ಚಾತೈಲ 1974ರ ಹೊತ್ತಿಗೆ 11 ದಾಟಿತ್ತು. ವರ್ಮಾಂಟ್, ಮೇಯ್ನ್ ಕಡೆ ತೈಲವನ್ನೇ ನಂಬಿದ್ದ ಎಷ್ಟೋ ಮಂದಿ ಮತ್ತೆ ಕಬ್ಬಿಣದ ಸೌದೆ ಒಲೆ ತಂದರು.

ಈ ಲೆಕ್ಕಾಚಾರ ಹಳೆಯದೇ. 1744ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಒಲೆಯ ಬಗ್ಗೆ ಪುಸ್ತಿಕೆಯನ್ನೇ ಬರೆದ. ಗೋಡೆಯ ಅಗ್ಗಿಷ್ಟಿಕೆಯಲ್ಲಿ ಶಾಖವೆಲ್ಲ ಚಿಮಣಿ ಪಾಲು. ಊರ ಸುತ್ತಲಿನ ಸೌದೆಯೂ ತುಟ್ಟಿಯಾಗುತ್ತಿದೆ ಅನ್ನೋದು ಅವನ ಚಿಂತೆ. ಪೇಟೆಂಟ್ ಕೊಡ್ತೀವಿ ಅಂದರೂ ಬೇಡ ಅಂದ, ಪುಣ್ಯಾತ್ಮ!

ಆದರೆ 70ರ ದಶಕದ ಒಲೆಗಳಲ್ಲಿ ಒಂದು ಐಬಿತ್ತು. ರಾತ್ರಿಯಿಡೀ ಉರಿಯಲೆಂದು ಗಾಳಿಕಿಂಡಿ ಮುಚ್ಚಿದರೆ ಸೌದೆ ಅರೆಬರೆ ಸುಟ್ಟು ಹೊಗೆಯೋ ಹೊಗೆ. 1988ರಲ್ಲಿ ಸರ್ಕಾರ ಹೊಸ ಒಲೆಗಳ ಹೊಗೆಗೆ ಮಿತಿ ಹಾಕಿತು. ಹಳೆಯವು ಉರಿಯುತ್ತಲೇ ಇದ್ದವು.

ನಾನೂ ಮೊದಲು ಸೌದೆಯ ಪಕ್ಷವೇ. ಕರೆಂಟು ಹೋದರೂ ಒಲೆ ಕೈಕೊಡಲ್ಲ ನೋಡಿ. ಮನಸ್ಸು ಬದಲಾದದ್ದು ಮೊಂಟಾನಾದ ಲಿಬ್ಬಿ ಎಂಬ ಕಣಿವೆಯೂರಿನ ಕಥೆ ಓದಿದ ಮೇಲೆ. ಅಲ್ಲಿ 2005ರಿಂದ ಸಾವಿರಕ್ಕೂ ಹೆಚ್ಚು ಹಳೇ ಒಲೆಗಳನ್ನು ಬದಲಿಸಿದರು. ಚಳಿಗಾಲದ ಗಾಳಿಯಲ್ಲಿನ ಸೂಕ್ಷ್ಮ ಕಣಗಳು ಕಾಲುಭಾಗಕ್ಕೂ ಹೆಚ್ಚು ಇಳಿದವು, ಮಕ್ಕಳ ಉಬ್ಬಸವೂ ತಗ್ಗಿತು.

ಎಣ್ಣೆ, ಗ್ಯಾಸಿನ ಖರ್ಚು ಬಿಲ್ಲಿನಲ್ಲಿ ಕಾಣುತ್ತೆ. ಸೌದೆಯ ಖರ್ಚಿನಲ್ಲಿ ಒಂದು ಪಾಲನ್ನು ಪಕ್ಕದ ಮನೆಯ ಮಗು ಕಟ್ಟುತ್ತೆ. ಅದನ್ನೂ ಕೂಡಿಸಿದ ಮೇಲೇ ಯಾವುದು ಅಗ್ಗ ಅನ್ನಬೇಕು ಅಂತ ನನ್ನ ಅನಿಸಿಕೆ. ನೀವೇನಂತೀರಿ?