ಐತಿಹಾಸಿಕ: ಪದ ಒಂದು, ಅರ್ಥ ಎರಡು

ಸುವರ್ಣ ಮಹೋತ್ಸವದ ಆಮಂತ್ರಣ ಪತ್ರಿಕೆಯ ಕರಡು ಸಿದ್ಧಪಡಿಸಲು ನಾವು ಕೆಲವು ಹಳೆಯ ವಿದ್ಯಾರ್ಥಿಗಳು ಶಾಲೆಯಲ್ಲಿ ಸೇರಿದ್ದೆವು. ಕನ್ನಡದ ಪ್ರತಿ ಬೇಗ ಮುಗಿಯಿತು. ‘ಈ ಐತಿಹಾಸಿಕ ಸಮಾರಂಭಕ್ಕೆ ತಮಗೆ ಆದರದ ಸ್ವಾಗತ’ ಎಂಬ ಸಾಲಿಗೆ ಯಾರೂ ತಕರಾರು ತೆಗೆಯಲಿಲ್ಲ. ಪರದೇಶದಲ್ಲಿರುವವರಿಗೆಂದು ಇಂಗ್ಲಿಷ್ ಪ್ರತಿ ಬರೆಯಲು ಕುಳಿತಾಗ ಮಾತ್ರ ತೊಡಕಾಯಿತು. ನಾನು ‘ಹಿಸ್ಟಾರಿಕಲ್’ ಎಂದು ಬರೆದೆ. ನಿವೃತ್ತ ಇಂಗ್ಲಿಷ್ ಮಾಸ್ತರರು ಕನ್ನಡಕ ಸರಿಮಾಡಿಕೊಂಡು, “ತಮಾ, ನೀನು ಹೇಳಬೇಕೆಂದಿರುವುದು ‘ಹಿಸ್ಟಾರಿಕ್’. ಆದರೆ ಅದನ್ನು ಬರೆಯುವ ಮೊದಲು ಒಮ್ಮೆ ಯೋಚನೆ ಮಾಡು” ಎಂದರು.

ನಾನು ಇಷ್ಟು ವರ್ಷ ಸಮಾಜ ವಿಜ್ಞಾನ ಕಲಿಸಿದವನು. ಆದರೂ ಈ ಎರಡು ಪದಗಳ ನಡುವೆ ಇಷ್ಟು ಅಂತರವಿದೆಯೆಂದು ಗಂಭೀರವಾಗಿ ಯೋಚಿಸಿರಲಿಲ್ಲ. ಆ ಯೋಚನೆಯ ಫಲವೇ ಈ ಲೇಖನ.

ಎರಡೂ ಪದಗಳ ಬೇರು ಒಂದೇ. ‘ವಿಚಾರಣೆ’ ಎಂಬರ್ಥದ ಗ್ರೀಕ್ ಪದ. ಹಿಂದಿನ ಇಂಗ್ಲಿಷ್ ಲೇಖಕರು ಒಂದರ ಜಾಗದಲ್ಲಿ ಇನ್ನೊಂದನ್ನು ಧಾರಾಳವಾಗಿ ಬಳಸುತ್ತಿದ್ದರು. ಕಾಲಕ್ರಮದಲ್ಲಿ ಅವು ಅಣ್ಣತಮ್ಮಂದಿರಂತೆ ಪಾಲಾದವು. ಇತಿಹಾಸದ ದಿಕ್ಕನ್ನೇ ಬದಲಿಸಿದ, ಮುಂದೆಯೂ ನೆನೆಯಬೇಕಾದ ಸಂಗತಿ ‘ಹಿಸ್ಟಾರಿಕ್’. ಹಿಂದೆ ನಡೆದದ್ದು, ಇತಿಹಾಸಕ್ಕೆ ಸಂಬಂಧಪಟ್ಟದ್ದು, ದೊಡ್ಡದಿರಲಿ ಸಣ್ಣದಿರಲಿ, ‘ಹಿಸ್ಟಾರಿಕಲ್’. ‘ಎಕನಾಮಿಕ್’ ಮತ್ತು ‘ಎಕನಾಮಿಕಲ್’ ಕೂಡ ಹೀಗೆಯೇ. ದೇಶದ ಹಣಕಾಸಿನ ಸಮಸ್ಯೆ ಎಕನಾಮಿಕ್. ಪೆಂಡಾಲಿನ ಖರ್ಚನ್ನು ಅರ್ಧಕ್ಕಿಳಿಸಿದ ನಮ್ಮ ಖಜಾಂಚಿಯವರು ಎಕನಾಮಿಕಲ್!

ಕನ್ನಡದಲ್ಲಿ ‘ಐತಿಹಾಸಿಕ’, ‘ಚಾರಿತ್ರಿಕ’ ಎಂಬ ಎರಡು ಪದಗಳಿದ್ದರೂ ನಾವು ಅವುಗಳಿಗೆ ಹೀಗೆ ಕೆಲಸ ಹಂಚಿಲ್ಲ. ಸೂಕ್ಷ್ಮ ನಮ್ಮ ಭಾಷೆಗೆ ಇಲ್ಲವೆಂದಲ್ಲ. ಅಕ್ಕಿ ಹಳೆಯದಾದರೆ ಅನ್ನ ಚಲೋ ಆಗುತ್ತದೆ. ಅನ್ನ ಹಳಸಿದರೆ ದನಕ್ಕೆ ಹಾಕುತ್ತೇವೆ. ಈ ಭೇದವನ್ನು ನಮ್ಮ ಅಜ್ಜಿಯಂದಿರಿಗೆ ಯಾರೂ ಕಲಿಸಬೇಕಿರಲಿಲ್ಲ. ಹಾಗಾದರೆ ಇಂಗ್ಲಿಷಿನ ಆ ಎರಡು ಪದಗಳನ್ನು ಹಿಡಿದು ನಮ್ಮ ಮೂರು ತಾಲೂಕುಗಳ ಇತಿಹಾಸವನ್ನು ಒಮ್ಮೆ ನೋಡೋಣ.

ಭಟ್ಕಳ ವಿಜಯನಗರದ ಕಾಲದಲ್ಲಿ ಕುದುರೆ, ಅಕ್ಕಿ, ಸಕ್ಕರೆ, ಕಬ್ಬಿಣದ ವ್ಯಾಪಾರಕ್ಕೆ ಹೆಸರಾದ ಬಂದರು. 1502ರಲ್ಲಿ ವಾಸ್ಕೋ ಡ ಗಾಮ ತನ್ನ ಎರಡನೆಯ ಯಾನದಲ್ಲಿ ಹಡಗುಪಡೆಯೊಂದಿಗೆ ಇಲ್ಲಿಗೆ ಬಂದು, ಬಲ ತೋರಿಸಿ, ಅಕ್ಕಿಯ ಕಪ್ಪಕ್ಕೆ ಒಪ್ಪಿಸಿದನು. ಕರಾವಳಿಯ ವ್ಯಾಪಾರ ಪೋರ್ಚುಗೀಸರ ಅಂಕೆಗೆ ಹೋಗಲು ಆರಂಭವಾದ ದಿನಗಳವು. ಇದು ಹಿಸ್ಟಾರಿಕ್. ಸುಮಾರು 135 ವರ್ಷಗಳ ನಂತರ ಕ್ಯಾಪ್ಟನ್ ವೆಡೆಲ್‌ನ ಮುಂದಾಳ್ತನದಲ್ಲಿ ಇಂಗ್ಲಿಷ್ ಹಡಗುಗಳು ಬಂದವು. ಆಗ ಈ ಸೀಮೆ ಇಕ್ಕೇರಿಯ ವೀರಭದ್ರ ನಾಯಕನ ಆಳ್ವಿಕೆಯಲ್ಲಿತ್ತು. ಇಂಗ್ಲಿಷರು ಭಟ್ಕಳದಲ್ಲಿ ತೆರೆದ ಕೋಠಿ ಬಹುಕಾಲ ಬಾಳಲಿಲ್ಲ. ಉಳಿದದ್ದು 1637 ಮತ್ತು 1638ರ ಇಸವಿ ಕೆತ್ತಿದ ಸಮಾಧಿ ಕಲ್ಲುಗಳು. ಇಬ್ಬರು ವರ್ತಕರು ಮತ್ತು ಒಬ್ಬ ಶಸ್ತ್ರವೈದ್ಯನ ಆ ಕಲ್ಲುಗಳನ್ನು 1883ರ ಕೆನರಾ ಗೆಜೆಟಿಯರ್ ದಾಖಲಿಸಿದೆ. ಅವರಿಂದ ಭಟ್ಕಳದ ಗತಿಯೇನೂ ಬದಲಾಗಲಿಲ್ಲ. ಆ ಕಲ್ಲುಗಳು ಹಿಸ್ಟಾರಿಕಲ್. ಆದರೆ ನಾವು ಐದನೆಯ ತರಗತಿಯಲ್ಲಿ ತಡವರಿಸುತ್ತ ಕಲಿತ ಎ, ಬಿ, ಸಿ, ಡಿ ಅಷ್ಟು ಹಿಂದೆಯೇ ನಮ್ಮ ಕಡಲತೀರಕ್ಕೆ ಬಂದಿತ್ತು ಎಂಬುದಕ್ಕೆ ಅವೇ ಸಾಕ್ಷಿ.

ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಆಕೆ ಹಿಸ್ಟಾರಿಕ್ ಎನ್ನಲು ಯಾರ ಅಡ್ಡಿಯೂ ಇಲ್ಲ. ಆದರೆ ಆ ಮೆಣಸನ್ನು ಬಳ್ಳಿಯಿಂದ ಬಿಡಿಸಿದವರು, ಒಣಗಿಸಿದವರು, ಶರಾವತಿಯಲ್ಲಿ ದೋಣಿಗೆ ಹೇರಿದವರು ಯಾರು? ಅವರ ಹೆಸರು ಎಲ್ಲಿಯೂ ಇಲ್ಲ. ಅದಕ್ಕೂ ಹಿಂದೆ, 14ನೆಯ ಶತಮಾನದಲ್ಲಿ, ಹೊನ್ನಾವರಕ್ಕೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಪಟ್ಟಣದಲ್ಲಿ ಹುಡುಗರಿಗೆ 23 ಮತ್ತು ಹುಡುಗಿಯರಿಗೆ 13 ಶಾಲೆಗಳಿವೆ ಎಂದು ಬರೆದಿಟ್ಟನು. ಪ್ರವಾಸಿಯೊಬ್ಬ ಎಣಿಸಿ ಬರೆದದ್ದರಿಂದ ಸುಮಾರು 680 ವರ್ಷಗಳ ಹಿಂದಿನ ಆ ಶಾಲೆಗಳ ಸುದ್ದಿ ನಮಗೆ ಉಳಿದಿದೆ. ಅಲ್ಲಿ ಕಲಿತ ಒಬ್ಬ ಹುಡುಗಿಯ ಹೆಸರೂ ಉಳಿದಿಲ್ಲ.

ಕುಮಟಾದ ಕತೆ ಇನ್ನೂ ಸ್ವಾರಸ್ಯಕರ. ಈ ಊರಿನ ಹೆಸರೇ ಇಂಗ್ಲಿಷಿನಲ್ಲಿ ಒಂದು ವಿಶೇಷಣವಾಯಿತು! ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಹಾಗಾಗಿ ಆ ನಾಡತಳಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರು ಬಿತ್ತು. ಅದೇ ಸೀಮೆಯಲ್ಲಿ ಬೆಳೆಸಿದ ವಿದೇಶಿ ತಳಿಗೆ ‘ಧಾರವಾಡ ಅಮೆರಿಕನ್’ ಎಂದರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ನಡೆದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತು, ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಅದರ ಹಿಂದೆಯೂ ಹತ್ತಿ ವ್ಯಾಪಾರದ ಒತ್ತಡವಿತ್ತು. ಅದು ಹಿಸ್ಟಾರಿಕ್. ಆ ಶತಮಾನದ ಕೊನೆಗೆ ಧಾರವಾಡ ಸೀಮೆಯಿಂದ ಮರ್ಮಗೋವಾಕ್ಕೆ ರೈಲು ಬಂದಾಗ ಗಾಡಿಗಳು ಘಟ್ಟ ಇಳಿಯುವುದು ಕಡಿಮೆಯಾಯಿತು. ಗಾಡಿ ಹೊಡೆದವರು, ಮೂಟೆ ಹೊತ್ತವರು ಮರೆಯಾದರು. ‘ಕುಮಟಾ’ ಎಂಬ ವಿಶೇಷಣ ಮಾತ್ರ ಪೇಟೆಯ ಮಾತಿನಲ್ಲಿ ಆಮೇಲೂ ಉಳಿಯಿತು.

ಇನ್ನು ನಮ್ಮ ಶಾಲೆಗೆ ಬರೋಣ. ಈ ಸಂಚಿಕೆಗಾಗಿ ನಾನು ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ತೆರೆದೆ. ಮೊದಲನೆಯದರ ಅಂಚನ್ನು ಗೆದ್ದಲು ತಿಂದಿದೆ. ಸಾಲುಸಾಲಾಗಿ ಜನ್ಮದಿನಾಂಕ ಜೂನ್ 1! ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನಲ್ಲಿ ಬರೆದದ್ದು. ನನ್ನದೂ ಅದೇ. ದಾಖಲೆಯಲ್ಲಿದೆ ಎಂದ ಮಾತ್ರಕ್ಕೆ ಎಲ್ಲವೂ ನಿಜವಲ್ಲ ಎಂದು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಪುಟ ತಿರುವುತ್ತ ನನ್ನ ತರಗತಿಯ ಒಬ್ಬಳ ಹೆಸರಿನ ಮುಂದೆ ಬೆರಳು ನಿಂತಿತು. ಮಳೆಗಾಲದಲ್ಲೂ ದೋಣಿ ದಾಟಿ ಬರುತ್ತಿದ್ದವಳು. ಇಂಗ್ಲಿಷಿನಲ್ಲಿ ನಮಗೆಲ್ಲರಿಗಿಂತ ಮುಂದೆ. ನನಗೆ ಬಾರದ ಕಾಗುಣಿತವನ್ನು ಬೆಂಚಿನ ಮೇಲೆ ಬೆರಳಿನಲ್ಲಿ ಬರೆದು ತೋರಿಸುತ್ತಿದ್ದಳು. ಒಂಬತ್ತನೆಯ ತರಗತಿಯ ಅರ್ಧದಲ್ಲಿ ಬರುವುದು ನಿಂತಿತು. ನಾವು ಯಾರೂ ಏಕೆಂದು ಕೇಳಲಿಲ್ಲ. ‘ಶಾಲೆ ಬಿಟ್ಟ ಕಾರಣ’ ಎಂಬ ಕಲಮಿನಲ್ಲಿ ಎರಡೇ ಪದ: ‘ಮನೆಯ ತೊಂದರೆ’. ಸಮಾರಂಭದ ವೇದಿಕೆಯ ಮೇಲೆ ಅವಳಿಗೆ ಸನ್ಮಾನವಿರುವುದಿಲ್ಲ. ಅವಳು ಈ ಶಾಲೆಯಲ್ಲಿ ಕಲಿತಳು ಎಂಬುದಕ್ಕೆ ಗೆದ್ದಲು ಬಿಟ್ಟ ಆ ಒಂದು ಸಾಲೇ ಆಧಾರ.

ಇನ್ನೊಂದು ರಿಜಿಸ್ಟರಿನಲ್ಲಿ, ಹಲವು ವರ್ಷಗಳ ನಂತರ, ಅವಳ ಮಗಳ ಹೆಸರು ಸಿಕ್ಕಿತು. ಅದೇ ಕಲಮಿನಲ್ಲಿ ಬರೆದಿದ್ದಾರೆ: ‘ಎಸ್.ಎಸ್.ಎಲ್.ಸಿ. ಉತ್ತೀರ್ಣ’. ಸರಕಾರದ ಲೆಕ್ಕದಲ್ಲಿ ಅದು ಆ ವರ್ಷ ಪಾಸಾದವರಲ್ಲಿ ಒಬ್ಬಳು, ಅಷ್ಟೇ. ಆ ಮನೆಯ ಮಟ್ಟಿಗೆ ಫಲಿತಾಂಶದ ಆ ದಿನ ಹಿಸ್ಟಾರಿಕ್.

ನಾನು ಇದನ್ನು ಹೇಳಿದಾಗ ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಾಗಾದರೆ ಆಮಂತ್ರಣದಲ್ಲಿ ಎರಡೂ ಬೇಡ. ಹಿಸ್ಟಾರಿಕ್ ಹೌದೋ ಅಲ್ಲವೋ ಎಂದು ಬಂದವರು ಹೇಳಲಿ. ನೀವು ರಿಜಿಸ್ಟರ್ ಕಾಪಾಡಿ” ಎಂದರು. ಇಂಗ್ಲಿಷ್ ಪ್ರತಿ ವಿಶೇಷಣವಿಲ್ಲದೆಯೇ ಅಚ್ಚಾಯಿತು.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ, ಊರ ಹಿರಿಯರಲ್ಲಿ ಒಂದು ವಿನಂತಿ. ಮನೆಯ ಕಪಾಟಿನಲ್ಲಿರುವ ತರಗತಿಯ ಫೋಟೋ, ಅಂಕಪಟ್ಟಿ, ಗ್ಯಾದರಿಂಗಿನ ಕರಪತ್ರ, ಯಾವುದೇ ಇರಲಿ, ಶಾಲೆಗೆ ತನ್ನಿ. ಪ್ರತಿ ಮಾಡಿಕೊಂಡು ಮರಳಿಸುತ್ತೇವೆ. ಫೋಟೋದ ಹಿಂದೆ, ಗೊತ್ತಿದ್ದಷ್ಟು, ಎಲ್ಲರ ಹೆಸರು ಬರೆಯಿರಿ. ಶಾಲೆ ಅರ್ಧಕ್ಕೆ ಬಿಟ್ಟವರ ಹೆಸರನ್ನೂ ಬರೆಯಿರಿ.