ಘಟ್ಟ ಹತ್ತಿದ ಸಾಲ

1860ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ‘ಟ್ರೂರೋ’ ಎಂಬ ಹಡಗು ಮುನ್ನೂರಕ್ಕೂ ಹೆಚ್ಚು ಜನರನ್ನು ಹೊತ್ತು ಮದರಾಸಿನಿಂದ ಆಫ್ರಿಕದ ನಟಾಲಿಗೆ ಹೊರಟಿತು. ಕರಾರಿನ ಕೂಲಿಗಳಾಗಿ ಆ ನಾಡಿಗೆ ಹೋದ ಭಾರತೀಯರಲ್ಲಿ ಇವರೇ ಮೊದಲಿಗರು. ಇವರ ಹೆಸರು, ತಂದೆಯ ಹೆಸರು, ವಯಸ್ಸು, ಊರು ಮೊದಲಾದುವು ಹಡಗಿನ ಪಟ್ಟಿಯಲ್ಲಿ ಇಂದಿಗೂ ಉಳಿದಿವೆ. ಅದೇ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಿಂದ, ಮುಂಗಡದ ಹಣಕ್ಕೆ ಕಟ್ಟುಬಿದ್ದು ಕಾಫಿ ತೋಟಗಳಿಗೆಂದು ಘಟ್ಟ ಹತ್ತಿದವರಿಗೆ ಅಂತಹ ಪಟ್ಟಿಯಿಲ್ಲ. ಅವರು ಕಡಲು ದಾಟಲಿಲ್ಲವಷ್ಟೆ! ಇವರ ಬಾಳನ್ನು ಅರಿಯಬೇಕಾದರೆ ಕಾಯಿದೆಯ ಪುಸ್ತಕದೊಡನೆ ಒಂದು ಕಾದಂಬರಿಯನ್ನೂ ಇರಿಸಿಕೊಂಡು ಓದಬೇಕಾಗುತ್ತದೆ.

1799ರಲ್ಲಿ ಟಿಪ್ಪುವಿನ ಪತನಾನಂತರ ಕನ್ನಡ ಜಿಲ್ಲೆ ಕಂಪೆನಿಯ ಕೈಸೇರಿತು. ಮರುವರ್ಷ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ನನು ಮೈಸೂರು ಸೀಮೆಯನ್ನು ಹಾದು ತುಳುನಾಡನ್ನು ಸುತ್ತಿದಾಗ, ಅಲ್ಲಿನ ಗದ್ದೆಗಳಲ್ಲಿ ದುಡಿಯುತ್ತಿದ್ದ ಗುಲಾಮರ ವಿಷಯವನ್ನು ಬರೆದಿಟ್ಟನು. ತಲೆಮಾರುಗಳಿಂದ ಒಡೆಯನ ಮನೆತನಕ್ಕೆ ಅಂಟಿಕೊಂಡಿದ್ದ ಆಳನ್ನು ಆ ಕಡೆ ‘ಮೂಲದಾಳು’ ಎನ್ನುತ್ತಿದ್ದರು.

1843ರ ಐದನೆಯ ಕಾಯಿದೆಯಿಂದ ಗುಲಾಮಗಿರಿ ಅಳಿಯಿತೆಂದು ಬರೆಯುವುದುಂಟು. ಇದು ಅವಸರದ ಮಾತು. ಮನುಷ್ಯನ ಮೇಲೆ ತನಗೆ ಒಡೆತನವಿದೆಯೆಂದು ಬಂದವನ ಹಕ್ಕನ್ನು ನ್ಯಾಯಾಲಯಗಳು ಎತ್ತಿಹಿಡಿಯಕೂಡದೆಂದು ಆ ಕಾಯಿದೆ ವಿಧಿಸಿತೇ ಹೊರತು, ಗುಲಾಮರನ್ನು ಇಟ್ಟುಕೊಳ್ಳುವುದನ್ನು ಅಪರಾಧವೆಂದು ಸಾರಲಿಲ್ಲ. ಮನುಷ್ಯರನ್ನು ಕೊಳ್ಳುವುದೂ ಮಾರುವುದೂ ದಂಡಾರ್ಹವಾದುದು 1862ರಲ್ಲಿ ದಂಡಸಂಹಿತೆ ಜಾರಿಗೆ ಬಂದ ಮೇಲೆ.

ಇಷ್ಟರಲ್ಲಿ ಬೇರೊಂದು ಹಗ್ಗ ಸಿದ್ಧವಾಗಿತ್ತು. 1859ರ ಹದಿಮೂರನೆಯ ಕಾಯಿದೆ ಹುಟ್ಟಿದ್ದು ಮದರಾಸು, ಕಲ್ಕತ್ತ, ಮುಂಬಯಿ ನಗರಗಳ ಕುಶಲಕರ್ಮಿಗಳನ್ನೂ ಕೂಲಿಗಳನ್ನೂ ಉದ್ದೇಶಿಸಿ; ಮುಂದೆ ಅದು ಬೆಟ್ಟದ ತೋಟಗಳಿಗೂ ಹಬ್ಬಿತು. ಮುಂಗಡ ಪಡೆದವನು ಕೆಲಸಕ್ಕೆ ಬಾರದಿದ್ದರೆ ಹಣ ತೆರಬೇಕು, ಇಲ್ಲವೇ ದುಡಿಯಬೇಕು ಎಂದು ಮ್ಯಾಜಿಸ್ಟ್ರೇಟನು ಆಜ್ಞಾಪಿಸಬಹುದಾಗಿತ್ತು. ಮೀರಿದವನಿಗೆ ಮೂರು ತಿಂಗಳವರೆಗೆ ಕಠಿಣ ಸಜೆ. ಉಳಿದವರಿಗೆ ಸಿವಿಲ್ ವ್ಯಾಜ್ಯವಾಗುವ ಬಾಕಿ ಕೂಲಿಯ ಪಾಲಿಗೆ ಅಪರಾಧವಾಯಿತು. ಈ ಕಾಯಿದೆ ರದ್ದಾದುದು 1926ರಲ್ಲಿ.

ಅದಾದ ಏಳು ವರ್ಷಗಳಿಗೆ, 1933ರಲ್ಲಿ, ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾಯಿತು. ಸಂಕಪ್ಪಯ್ಯನ ಆಳಾದ ಚೋಮನಿಗೆ ತನ್ನದೆಂದು ಒಂದು ತುಂಡು ನೆಲ ಉಳುವ ಆಸೆ. ಹಟ್ಟಿಯಲ್ಲಿ ಎತ್ತುಗಳಿವೆ; ಹುಟ್ಟಿದ ಜಾತಿಯ ಕಾರಣದಿಂದ ನೆಲ ಮಾತ್ರ ದಕ್ಕದು. ಇದು ಹಳೆಯ ಬಂಧನ. ಕಾಫಿ ತೋಟದಲ್ಲಿ ಎಂದೋ ಮಾಡಿದ ಸಾಲ ಹೊಸ ಬಂಧನ. ಅದನ್ನು ಕೇಳಲು ತೋಟದ ಕಡೆಯಿಂದ ಆಳು ಬರುತ್ತದೆ. ಸಾಲ ತೀರಿಸಲು ಚೋಮನ ಗಂಡುಮಕ್ಕಳಿಬ್ಬರು ಘಟ್ಟ ಹತ್ತುತ್ತಾರೆ. ಗುರುವನು ಅಲ್ಲಿಯ ಕ್ರೈಸ್ತ ಹುಡುಗಿಯೊಬ್ಬಳನ್ನು ಮೆಚ್ಚಿ ಉಳಿದುಬಿಡುತ್ತಾನೆ. ಸಾಲ ಹಾಗೆಯೇ ನಿಲ್ಲುತ್ತದೆ. ಅಸಲು ಬಡ್ಡಿಗಳ ಲೆಕ್ಕ ಬಲ್ಲವರಿಗೆ ಇದು ವಿಚಿತ್ರವೆನಿಸದಿರದು. ಇಲ್ಲಿ ಸಾಲ ಕೊಟ್ಟವನಿಗೆ ಹಣ ಮರಳಿ ಬರುವುದಕ್ಕಿಂತ ಆಳು ಮರಳಿ ಬರುವುದು ಮುಖ್ಯ. ಕಡೆಗೆ ಮಗಳು ಬೆಳ್ಳಿ ಹೋಗುತ್ತಾಳೆ. ತೋಟದ ಲೆಕ್ಕದಿಂದ ಸಾಲವನ್ನು ಹೊಡೆದುಹಾಕಿದ್ದು ಅವಳ ದುಡಿಮೆಗಾಗಿ ಅಲ್ಲ, ಅವಳ ಮಾನಕ್ಕಾಗಿ. ಕಾದಂಬರಿಯನ್ನು ದಾಖಲೆಯೆಂದು ಹಿಡಿಯುವುದು ಸಲ್ಲದು, ನಿಜ. ಆದರೆ ತಂದೆಯ ಸಾಲಕ್ಕೆ ಮಗಳು ತೆತ್ತ ಈ ಬೆಲೆಗೆ 1859ರ ಕಾಯಿದೆಯಲ್ಲಾಗಲಿ ತೋಟದ ಲೆಕ್ಕದಲ್ಲಾಗಲಿ ಯಾವ ಕಾಲಮೂ ಇರಲಿಲ್ಲ.

1956ರಲ್ಲಿ ಕಾಸರಗೋಡನ್ನುಳಿದು ದಕ್ಷಿಣ ಕನ್ನಡವು ಮದರಾಸನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಜೀತಕ್ಕೆ ಕಟ್ಟುವ ಸಾಲಗಳೆಲ್ಲ ವಜಾ ಎಂದು ಕಾನೂನು ಸಾರಿದ್ದು ಅದಕ್ಕೂ 20 ವರ್ಷಗಳ ತರುವಾಯ, 1976ರಲ್ಲಿ.